ಇವರ ಕಿವಿ, ನನ್ನ ಕೈ

ಮಳೆ ಹಿಡಿದು ಹತ್ತು ಹದಿನೈದು ದಿನ ಕಳೆಯಿತೆಂದರೆ ನಮ್ಮ ಮನೆಯಂಗಳಕ್ಕೆ ರಿಕ್ಷಾಗಳು ಬರಲಾರಂಭಿಸುತ್ತವೆ. ನೆಂಟರು ಬಂದರೇನೋ ಎಂದು ನೆರೆಮನೆಯವರು ಇಣುಕಿ ನೋಡಿದರೆ ಹಿಂದಿನ ಸೀಟಿನಿಂದ ಇಳಿಯುವುದು ನೆಂಟರಲ್ಲ. ನಾಲ್ಕು ಪುಟ್ಟ ಗಾಲಿಗಳ, ಉದ್ದ ಹಿಡಿಯ, ಹೊಟ್ಟೆಯಡಿಯಲ್ಲಿ ಕಳೆದ ವರ್ಷದ ಒಣಹುಲ್ಲನ್ನು ಹಾಗೆಯೇ ಅಂಟಿಸಿಕೊಂಡ ಒಂದು ಹಳೆಯ ಮೆಷಿನು. ಪೆಟ್ರೋಲಿನಲ್ಲಿ ಓಡುವ, ಹುಲ್ಲು ಕತ್ತರಿಸುವ ಮೆಷಿನು. ಲಾನ್ ಮೋವರ್ ಎನ್ನುತ್ತಾರೆ. ತಂದವರು ಹೇಳುವ ಮಾತು ಪ್ರತಿವರ್ಷವೂ ಒಂದೇ. "ಇಡುವಾಗ ಚೆನ್ನಾಗಿಯೇ ಇತ್ತು. ಈಗ ಎಷ್ಟು ಹಗ್ಗ ಎಳೆದರೂ ಸ್ಟಾರ್ಟ್ ಆಗುವುದಿಲ್ಲ."

ಸಹೋದರಿಯರೇ, ಅದನ್ನು ಬಿಚ್ಚಿ ರಿಪೇರಿ ಮಾಡುವವಳು ನಾನು ಎಂದರೆ ನಿಮಗೆ ನಗು ಬರಬಹುದು. ಬೆಳಿಗ್ಗೆ ಮದ್ರಸದಲ್ಲಿ ಮಕ್ಕಳಿಗೆ ಅಲಿಫ್ ಬಾ ಕಲಿಸಿ, ಹಗಲು ಶಾಲೆಯಲ್ಲಿ ಪಾಠ ಮಾಡಿ, ಅಸ್ರ್ ನಮಾಝ್ ಮುಗಿಸಿದ ಮೇಲೆ ಹಿಂಬದಿಯ ಚಾವಡಿಯಲ್ಲಿ ಗೋಣಿ ಹಾಸಿ ಸ್ಪಾನರ್ ಹಿಡಿದು ಕೂರುವ ಟೀಚರನ್ನು ನಮ್ಮೂರಿನವರೂ ಮೊದಮೊದಲು ವಿಚಿತ್ರವಾಗಿಯೇ ನೋಡಿದರು. ಈಗ ಅವರಿಗೆ ಅಭ್ಯಾಸವಾಗಿದೆ. ನನಗೂ.

ಇದು ನಾನು ಆಯ್ದುಕೊಂಡ ಕೆಲಸವಲ್ಲ, ನನ್ನ ಯಜಮಾನರದ್ದು. ಹದಿನೈದು ವರ್ಷ ಇವರು ಸೌದಿಯ ಜುಬೈಲಿನಲ್ಲಿದ್ದರು. ನಿಮ್ಮಲ್ಲಿ ಎಷ್ಟೋ ಮಂದಿಯ ಗಂಡಂದಿರು, ಅಣ್ಣತಮ್ಮಂದಿರು ಬೆವರು ಸುರಿಸಿದ ಊರು ಅದು. ಅಲ್ಲಿನ ಕಂಪೆನಿ ಕಾಂಪೌಂಡುಗಳ ಒಳಗೆ ಮರಳುಗಾಡಿನ ನಡುವೆಯೇ ನೀರು ಹಾಯಿಸಿ ಹುಲ್ಲುಹಾಸು ಬೆಳೆಸುತ್ತಾರೆ. ಇವರು ಅದಕ್ಕೆ ಮಾಲಿ. ಫೋನಿನಲ್ಲಿ ಒಮ್ಮೆ "ಇವತ್ತು ಗ್ಯಾಸ್ ಮೋವರ್ ಕೆಟ್ಟು ಹೋಯಿತು" ಎಂದಾಗ ನಾನು ಅಡುಗೆಯ ಸಿಲಿಂಡರನ್ನು ಹೊತ್ತು ಓಡಾಡುವ ಯಾವುದೋ ಗಾಡಿಯನ್ನು ಕಲ್ಪಿಸಿಕೊಂಡು ದಿನವಿಡೀ ಹೆದರಿದ್ದೆ. ಅಮೆರಿಕದವರು ಪೆಟ್ರೋಲಿಗೇ ಗ್ಯಾಸ್ ಎನ್ನುತ್ತಾರೆಂದು ಬಿ.ಎ. ಮಾಡಿದ ನನಗೆ ತಿಳಿಸಿಕೊಟ್ಟದ್ದು ಏಳನೇ ತರಗತಿ ಓದಿದ ಇವರು.

ಅಲ್ಲಿ ಕೆಟ್ಟ ಮೆಷಿನನ್ನು ದೂರದ ಅಂಗಡಿಗೆ ಒಯ್ಯುವ ಬದಲು ಇವರೇ ಬಿಚ್ಚಿ ನೋಡುತ್ತಾ, ಒಬ್ಬ ಫಿಲಿಪ್ಪೀನಿ ಮೆಕ್ಯಾನಿಕ್ಕನ ಪಕ್ಕದಲ್ಲಿ ಕೂತು ಕಲಿತರು. 2013ರಲ್ಲಿ ನಿತಾಖಾತ್‌ನ ಬಿಸಿ ತಟ್ಟಿ ಸಾವಿರಾರು ಮಂದಿ ಊರಿಗೆ ಮರಳಿದರಲ್ಲವೇ, ಇವರೂ ಮರಳಿದರು. ಎಲ್ಲರೂ ಕಂಬಳಿ, ಖರ್ಜೂರ ತಂದರೆ ಇವರ ಪೆಟ್ಟಿಗೆಯಲ್ಲಿ ಅರ್ಧದಷ್ಟು ಸ್ಪಾನರ್‌ಗಳೇ. ನನಗೆ ಕೋಪ ಬಂದಿತ್ತು. ಊರಿನಲ್ಲಿ ಲಾನ್ ಇರುವ ಮನೆ ಯಾವುದಿದೆ ಎಂದು ಕೇಳಿದ್ದೆ. ಆದರೆ ಶಾಲೆಗಳ ಮುಂದೆ, ಫ್ಲಾಟ್‌ಗಳ ಸುತ್ತ, ಕಡಲ ಬದಿಯ ರೆಸಾರ್ಟುಗಳಲ್ಲಿ ಹುಲ್ಲುಹಾಸುಗಳಿದ್ದವು, ಅವುಗಳ ಶೆಡ್ಡಿನ ಮೂಲೆಯಲ್ಲಿ ಸತ್ತುಬಿದ್ದ ಮೆಷಿನುಗಳೂ ಇದ್ದವು. ಗುಜರಿ ಅಂಗಡಿಯಿಂದಲೂ ಒಂದನ್ನು ತೂಕಕ್ಕೆ ಕೊಂಡು ತಂದು ಒಂದೇ ವಾರದಲ್ಲಿ ಓಡಿಸಿದರು. ಅಲ್‌ಹಮ್ದುಲಿಲ್ಲಾಹ್, ಕೆಲಸಕ್ಕೆ ಬರವಿರಲಿಲ್ಲ.

2019ರ ಈದುಲ್ ಫಿತ್ರ್ ಕಳೆದು ಮೂರು ವಾರವಾಗಿತ್ತು. ಬೆಳಿಗ್ಗೆ ವುಝೂ ಮಾಡಲು ಹೋದವರು ಹಿಂದಿರುಗದ್ದನ್ನು ಕಂಡು ಹೋಗಿ ನೋಡಿದರೆ ಗೋಡೆಗೊರಗಿ ಕುಳಿತಿದ್ದರು. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಸೋತಿತು, ಮಾತು ತೊದಲಿತು. ಆಸ್ಪತ್ರೆಯ ಆ ದಿನಗಳ ಬಗ್ಗೆ ಹೇಳಲು ಹೋಗುವುದಿಲ್ಲ. ಅನುಭವಿಸಿದವರಿಗೆ ಹೇಳಬೇಕಾಗಿಲ್ಲ, ಅನುಭವಿಸದವರಿಗೆ ಅದು ಬಾರದಿರಲಿ.

ಮನೆಗೆ ಬಂದಾಗ ಚಾವಡಿಯಲ್ಲಿ ಬೇರೆಯವರ ಮೂರು ಮೆಷಿನುಗಳು ಬಿಚ್ಚಿಟ್ಟಂತೆಯೇ ಇದ್ದವು. ಅವು ನಮ್ಮ ಬಳಿ ಅಮಾನತ್ ಆಗಿದ್ದವು. ಎರಡನ್ನು ಅವುಗಳ ಮಾಲಕರು ಬಂದು, ನಟ್ಟು ಬೋಲ್ಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಂಡು ಒಯ್ದರು. ಮೂರನೆಯದನ್ನು ಕೇಳಲು ಯಾರೂ ಬರಲಿಲ್ಲ. ಇವರು ಕುರ್ಚಿಯಲ್ಲಿ ಕುಳಿತು ದಿನವಿಡೀ ಅದನ್ನೇ ನೋಡುವರು. ಊಟ ಬೇಡ, ಮಾತು ಬೇಡ, ಯಾರಾದರೂ ಕುಶಲ ಕೇಳಲು ಬಂದರೆ ಮುಖ ತಿರುಗಿಸಿಬಿಡುವರು. ನನಗೆ ಭಯವಾಗತೊಡಗಿದ್ದು ಕೈಯ ಬಗ್ಗೆಯಲ್ಲ, ಈ ಮೌನದ ಬಗ್ಗೆ.

ಒಂದು ಸಂಜೆ ನಾನು ಸುಮ್ಮನೆ ಆ ಮೆಷಿನಿನ ಬಳಿ ಕುಳಿತೆ. ಏನಾದರೂ ಮಾಡೋಣವೆಂದಲ್ಲ, ಗುಡಿಸಲು ಅಡ್ಡವಾಗುತ್ತದೆಂದು ಬದಿಗೆ ಸರಿಸಲು. ಅಡಿಯಲ್ಲಿ ಕೈ ಹಾಕಿದೆನಷ್ಟೇ. ಹಿಂದಿನಿಂದ ಕಿರುಚಿದ ಹಾಗೆ ಒಂದು ಸ್ವರ. "ಟೋ... ಟೋಪಿ ತೆಗೆ!" ವಾರಗಳ ನಂತರ ಇವರು ಆಡಿದ ಮೊದಲ ಪೂರ್ತಿ ಮಾತು ಅದು.

ಟೋಪಿ ಎಂದರೆ ಸ್ಪಾರ್ಕ್ ಪ್ಲಗ್ಗಿನ ಮೇಲಿನ ರಬ್ಬರಿನ ಮುಚ್ಚಳ. ಮೋವರಿನ ಬ್ಲೇಡ್ ನೇರವಾಗಿ ಇಂಜಿನಿನ ದಂಡಕ್ಕೇ ಸೇರಿಕೊಂಡಿರುತ್ತದೆ. ಬ್ಲೇಡನ್ನು ಕೈಯಿಂದ ತಿರುಗಿಸಿದರೆ ಇಂಜಿನ್ನನ್ನೇ ತಿರುಗಿಸಿದಂತೆ. ಒಳಗೆ ಚೂರು ಪೆಟ್ರೋಲು ಉಳಿದಿದ್ದರೆ ಅದು ಹತ್ತಿಕೊಂಡು ಬಿಡಬಹುದು. ಬ್ಯಾಟರಿಯಿಲ್ಲ, ಸ್ವಿಚ್ ಹಾಕಿಲ್ಲ, ಹಾಗಾಗಿ ಏನೂ ಆಗದು ಎಂದುಕೊಳ್ಳುವವರೇ ಬೆರಳು ಕಳೆದುಕೊಳ್ಳುವುದು. ಜುಬೈಲಿನಲ್ಲಿ ಜೊತೆಯಲ್ಲಿದ್ದವನೊಬ್ಬನ ಎರಡು ಬೆರಳು ಹೋದದ್ದನ್ನು ಇವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಯಾವ ಕೆಲಸವೇ ಇರಲಿ, ಮೊದಲು ಟೋಪಿ ತೆಗೆಯಬೇಕು, ತೆಗೆದು ಪ್ಲಗ್ಗಿನಿಂದ ದೂರಕ್ಕೆ ಸರಿಸಬೇಕು. ನಾನು ಬಿಸ್ಮಿ ಹೇಳಿ ಟೋಪಿ ತೆಗೆದೆ. ನನ್ನ ಪಾಠ ಹೀಗೆ ಶುರುವಾಯಿತು.

ಇಪ್ಪತ್ತು ವರ್ಷ ಮಕ್ಕಳಿಗೆ ಕಲಿಸಿದವಳು ನಾನು. ಕಲಿಯುವುದು ಎಷ್ಟು ಕಷ್ಟವೆಂದು ಆ ಚಾವಡಿಯಲ್ಲಿ ತಿಳಿಯಿತು. ಇವರ ಅರ್ಧ ಮಾತು ನನಗೆ ಅರ್ಥವಾಗುತ್ತಿರಲಿಲ್ಲ. ಅರ್ಥವಾಗದಿದ್ದರೆ ಇವರಿಗೆ ಸಿಟ್ಟು, ಸಿಟ್ಟು ಬಂದರೆ ಮಾತು ಇನ್ನಷ್ಟು ತೊದಲುತ್ತಿತ್ತು. ಎರಡನೆಯ ದಿನವೇ ನಾನು ಮೆಷಿನನ್ನು ತಪ್ಪು ಮಗ್ಗುಲಿಗೆ ವಾಲಿಸಿದೆ. ಏರ್ ಫಿಲ್ಟರ್ ಮತ್ತು ಕಾರ್ಬುರೇಟರ್ ಇರುವ ಬದಿ ಯಾವಾಗಲೂ ಮೇಲೆ ಬರುವಂತೆ ವಾಲಿಸಬೇಕು. ನಾನು ಕೆಳಗೆ ಮಾಡಿದೆ. ಇಂಜಿನಿನ ಎಣ್ಣೆಯೆಲ್ಲ ಹರಿದು ಫಿಲ್ಟರಿಗೆ ಸೇರಿತು. ಮತ್ತೆ ಸ್ಟಾರ್ಟ್ ಆದ ದಿನ ಅದು ಉಗುಳಿದ ಬಿಳಿ ಹೊಗೆ ನೋಡಿ ಪಕ್ಕದ ಮನೆಯ ಮಾಮಿ ಕೊಡ ನೀರು ಹಿಡಿದು ಓಡಿ ಬಂದಿದ್ದರು. ಇವರು ಕಾಯಿಲೆ ಬಿದ್ದ ಮೇಲೆ ನಕ್ಕದ್ದು ಅಂದೇ ಮೊದಲು. ಹಾಗಾಗಿ ಆ ತಪ್ಪಿಗೆ ನನಗೆ ಬೇಸರವಿಲ್ಲ.

ಸ್ಟಾರ್ಟ್ ಆಗದ ಮೆಷಿನುಗಳಲ್ಲಿ ಹೆಚ್ಚಿನವುಗಳ ರೋಗ ಒಂದೇ, ಹಳಸಿದ ಪೆಟ್ರೋಲು. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಅಕ್ಟೋಬರ್ ತನಕ ಹುಲ್ಲು ಬೆಳೆಯುತ್ತದೆ. ಆಮೇಲೆ ಮೆಷಿನನ್ನು ಟ್ಯಾಂಕಿನಲ್ಲಿ ಪೆಟ್ರೋಲು ಇರುವಂತೆಯೇ ಮೂಲೆಗೆ ನೂಕುತ್ತಾರೆ. ಆರೇಳು ತಿಂಗಳಲ್ಲಿ ಅದರ ಹಗುರ ಅಂಶವೆಲ್ಲ ಆವಿಯಾಗಿ, ಬೆಲ್ಲದ ಪಾಕ ತಳ ಹಿಡಿದಂತೆ ಕಾರ್ಬುರೇಟರಿನ ಬಟ್ಟಲಿನಲ್ಲಿ ಒಂದು ಅಂಟು ಉಳಿಯುತ್ತದೆ. ಪೆಟ್ರೋಲು ಇಂಜಿನಿಗೆ ಹೋಗುವ ದಾರಿ ಜೆಟ್ ಎಂಬ ಹಿತ್ತಾಳೆಯ ಪುಟ್ಟ ತುಂಡಿನಲ್ಲಿರುವ ಸೂಕ್ಷ್ಮ ತೂತು. ಅಂಟು ಅಲ್ಲಿ ಕೂತರೆ ಮುಗಿಯಿತು, ನೀವು ಭುಜ ಕಳಚುವವರೆಗೆ ಹಗ್ಗ ಎಳೆದರೂ ಪ್ರಯೋಜನವಿಲ್ಲ.

ಬಟ್ಟಲನ್ನು ಹಿಡಿದಿರುವುದು ಹೆಚ್ಚಾಗಿ ಅಡಿಯ ಒಂದೇ ಬೋಲ್ಟು. ಟ್ಯಾಂಕು ಖಾಲಿ ಮಾಡಿ, ಅದನ್ನು ಕಳಚಿ, ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರೆ ತೂತಿನಿಂದ ಆಕಾಶ ಕಾಣಬೇಕು. ನಾನು ಮೊದಲ ಸಲ ಹೊಲಿಗೆ ಸೂಜಿ ತೆಗೆದುಕೊಂಡು ಕೂತಾಗ ಇವರು ತಲೆ ಚಚ್ಚಿಕೊಂಡರು. ಹಿತ್ತಾಳೆ ಮೆದು, ಸೂಜಿ ತಾಗಿ ತೂತು ಕೂದಲಷ್ಟು ದೊಡ್ಡದಾದರೂ ಪೆಟ್ರೋಲಿನ ಅಳತೆ ತಪ್ಪುತ್ತದೆ. ಬಟ್ಟೆ ಒಗೆಯುವ ಬ್ರಷ್ಷಿನ ಒಂದು ನೈಲಾನ್ ಎಳೆ ಸಾಕಾಯಿತು. ಆ ಬ್ರಷ್ ಈಗ ಬೋಳಾಗಿದೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಹಳ್ಳಿಮನೆಗಳಲ್ಲಿ ಶೆಡ್ಡಿಗೆ ತಾಗಿಕೊಂಡೇ ಬಚ್ಚಲುಮನೆಯ ಒಲೆ ಇರುತ್ತದೆ, ಅದರಲ್ಲಿ ಸದಾ ಕೆಂಡ. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೇ ಹರಿದು ಹೋಗಿ ಬೆಂಕಿ ಹಿಡಿಯುತ್ತದೆ. ಇಂಜಿನ್ ತಣ್ಣಗಾದ ಮೇಲೆ, ಬಯಲಿನಲ್ಲಿ, ಮಕ್ಕಳಿಲ್ಲದಾಗ ಮಾತ್ರ ಈ ಕೆಲಸ. ಮಳೆಯೆಂದು ಮುಚ್ಚಿದ ಕೋಣೆಯೊಳಗೆ ಇಂಜಿನ್ ಓಡಿಸುವುದೂ ಬೇಡ, ಅದರ ಹೊಗೆಯಲ್ಲಿ ವಾಸನೆಯಿಲ್ಲದ ವಿಷಾನಿಲವಿದೆ. ಹಗ್ಗ ಎಳೆಯುವಾಗ ಶಾಲಿನ ತುದಿಯನ್ನು ಸಿಕ್ಕಿಸಿಕೊಳ್ಳಿ. ನಾನು ಎರಡು ಪಿನ್ನು ಜಾಸ್ತಿಯೇ ಹಾಕುತ್ತೇನೆ.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. 2023ರಿಂದ ನಮ್ಮ ಬಂಕುಗಳಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿತು. ಈ ಇಂಜಿನುಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಶೇಕಡಾ 10ರ ತನಕ ಮಾತ್ರ ಆಗಬಹುದೆಂದು ಬರೆದಿರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲದಲ್ಲಿ ನಮ್ಮ ಉಪ್ಪಿನ ಡಬ್ಬಿಯ ಗತಿ ಏನಾಗುತ್ತದೆಂದು ನಿಮಗೆ ಗೊತ್ತು, ಟ್ಯಾಂಕಿನಲ್ಲೂ ಅದೇ ತೇವ. ಹಳೆಯ ರಬ್ಬರ್ ಪೈಪು ಉಬ್ಬುತ್ತದೆ, ಕಾರ್ಬುರೇಟರಿನ ಒಳಗೆ ಬಿಳಿ ಹುಡಿ ಕಟ್ಟುತ್ತದೆ. ಬೇರೆ ಪೆಟ್ರೋಲು ನಾವೆಲ್ಲಿಂದ ತರುವುದು? ಅದಕ್ಕೆ ನಾನು ಕಂಡ ದಾರಿ ಒಂದೇ. ವಾರಕ್ಕೆ ಬೇಕಾದಷ್ಟೇ ತರುವುದು, ಹುಲ್ಲಿನ ಕಾಲ ಮುಗಿದ ದಿನ ಟ್ಯಾಂಕು ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡುವುದು. ತರುವ ಎಲ್ಲರಿಗೂ ಇದನ್ನು ಹೇಳಿ ಕಳಿಸುತ್ತೇನೆ. ಹತ್ತರಲ್ಲಿ ಇಬ್ಬರು ಕೇಳುತ್ತಾರೆ.

ನಿಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಮೋವರ್ ಇರಲಾರದು. ತೋಟವಿದ್ದರೆ ಹೆಗಲಿಗೆ ತೂಗು ಹಾಕಿಕೊಳ್ಳುವ ಹುಲ್ಲು ಕಟ್ಟರ್ ಇದ್ದೀತು. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಮೋವರಿನ ಇಂಜಿನಿಗೆ ಎಣ್ಣೆಯ ಜಾಗ ಬೇರೆಯೇ ಇದೆ, ಸುಮಾರು ಅರ್ಧ ಲೀಟರಿನಷ್ಟು ಹಿಡಿಯುತ್ತದೆ, ಐವತ್ತು ಗಂಟೆಯ ಓಟಕ್ಕೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕು. ಕಟ್ಟರುಗಳಲ್ಲಿ ಟೂ ಸ್ಟ್ರೋಕ್ ಆದವುಗಳಿಗೆ ಎಣ್ಣೆಯನ್ನು ಪೆಟ್ರೋಲಿಗೇ ಕೈಪಿಡಿಯ ಅಳತೆಯಲ್ಲಿ ಬೆರೆಸಬೇಕು. ನಮ್ಮ ಸಂಬಂಧಿಕರ ತೋಟದಲ್ಲಿ ಅವಸರಕ್ಕೆ ಬರೀ ಪೆಟ್ರೋಲು ಸುರಿದು ಓಡಿಸಿದರು. ಕೆಲವೇ ನಿಮಿಷದಲ್ಲಿ ಪಿಸ್ಟನ್ ಕಚ್ಚಿಕೊಂಡಿತು. ಅದಕ್ಕೆ ನನ್ನಲ್ಲಿ ಮದ್ದಿರಲಿಲ್ಲ.

ನನಗಿದ್ದ ಒಂದೇ ಬಲ ಓದು. ಇವರು ಕೈಪಿಡಿಯನ್ನು ಎಂದೂ ತೆರೆದವರಲ್ಲ. ನಾನು ಇಂಗ್ಲಿಷ್ ಕೈಪಿಡಿ ಓದಿ ಪ್ಲಗ್ಗಿನ ತುದಿಯ ಸಂದು 0.76 ಮಿಲಿಮೀಟರ್ ಇರಬೇಕೆಂದು ಹೇಳಿದರೆ ಇವರು ಎಡಗೈಯಿಂದ ತಳ್ಳಿಹಾಕಿದರು. ಇವರ ಲೆಕ್ಕವೇ ಬೇರೆ. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡು ಆ ಸಂದಿನೊಳಗೆ ಹೋಗಬೇಕು, ಹೋದ ಮೇಲೆ ಒಂದು ಕೂದಲಿಗೆ ಜಾಗ ಉಳಿಯಬೇಕು. ನಾನು ಹಠಕ್ಕೆ ಬಿದ್ದು ಪೇಟೆಯಿಂದ ಅಳತೆಯ ಪಟ್ಟಿ ತರಿಸಿ ಅಳೆದೆ. ಬ್ಲೇಡಿನ ದಪ್ಪ 0.65ರ ಹತ್ತಿರ ಬಂತು. ಅದಕ್ಕೆ ಕೂದಲು ಸೇರಿಸಿ ನೋಡಿ! ಆ ಮೇಲೆ ನಾನು ಇವರ ಅಳತೆಗಳ ಬಗ್ಗೆ ವಾದ ಮಾಡುವುದನ್ನು ಕಡಿಮೆ ಮಾಡಿದೆ.

ಪ್ಲಗ್ಗಿನ ಬಣ್ಣ ನೋಡುವುದನ್ನೂ ಕಲಿತೆ. ಒಣ ಮಸಿಯಿದ್ದರೆ ಗಾಳಿ ಸಾಲುತ್ತಿಲ್ಲ, ಫಿಲ್ಟರ್ ಕಟ್ಟಿದೆ. ಸ್ಪಂಜಿನದ್ದಾದರೆ ಸಾಬೂನು ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಎರಡು ಹನಿ ಎಣ್ಣೆ ಸವರಿ ಹಿಂಡಬೇಕು, ಕಾಗದದ್ದಾದರೆ ನೀರು ತಾಗಿಸದೆ ತಟ್ಟಬೇಕು. ಜುಬೈಲಿನ ಮರಳಿನಲ್ಲಿ ಇವರು ಇದನ್ನು ದಿನಾ ಮಾಡುತ್ತಿದ್ದರಂತೆ. ಬ್ಲೇಡು ಹರಿತ ಮಾಡುವುದು ನನಗೆ ಪ್ರೀತಿಯ ಕೆಲಸ. ಇರುವ ಓರೆಯಲ್ಲೇ ಅರವನ್ನು ಉಜ್ಜಿ, ನಡುವಿನ ತೂತನ್ನು ಗೋಡೆಯ ಮೊಳೆಗೆ ತೂಗು ಹಾಕುತ್ತೇನೆ. ಯಾವ ಬದಿ ಕೆಳಗೆ ವಾಲುತ್ತದೋ ಅದೇ ಬದಿಯನ್ನು ಇನ್ನಷ್ಟು ಉಜ್ಜಿ, ತಕ್ಕಡಿಯಂತೆ ಸಮ ನಿಲ್ಲಿಸಬೇಕು. ತೂಕ ತಪ್ಪಿದ ಬ್ಲೇಡು ಇಡೀ ಮೆಷಿನನ್ನು ನಡುಗಿಸುತ್ತದೆ.

ಇಷ್ಟೆಲ್ಲ ಮಾಡುತ್ತಿರುವಾಗ ಮಾತು ಬಾರದಿರುತ್ತದೆಯೇ? "ಮದ್ರಸದಲ್ಲಿ ಕಲಿಸುವವಳಿಗೆ ಈ ಎಣ್ಣೆ ಕೈ ಯಾಕೆ? ಗಂಡನ ಕೆಲಸ ಗಂಡನೊಂದಿಗೆ ಹೋಗಲಿ" ಎಂದು ಹತ್ತಿರದ ಸಂಬಂಧಿಕರೇ ಇವರ ಎದುರಿನಲ್ಲಿ ಹೇಳಿದರು. ಇವರ ಎದುರಿನಲ್ಲಿ ಹೇಳಿದ್ದು ನನಗೆ ಹೆಚ್ಚು ನೋವಾಯಿತು. ನಾನು ಜಗಳಕ್ಕೆ ಹೋಗಲಿಲ್ಲ. ಹ. ಅಬೂಬಕ್ಕರ್(ರ)ರ ಮಗಳು ಹ. ಅಸ್ಮಾ(ರ) ಮದೀನಾದಲ್ಲಿ ತನ್ನ ಪತಿ ಹ. ಝುಬೈರ್(ರ)ರ ಕುದುರೆಗೆ ಮೇವು ಹಾಕುತ್ತಿದ್ದರು, ದೂರದ ಜಮೀನಿನಿಂದ ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು, ಹರಿದ ಚರ್ಮದ ನೀರಿನ ಬುಟ್ಟಿಯನ್ನು ತಾವೇ ಹೊಲಿಯುತ್ತಿದ್ದರು ಎಂದು ಹದೀಸಿನಲ್ಲಿದೆ. ಈ ಹದೀಸನ್ನು ನಾನು ಎಷ್ಟೋ ಸಲ ಮಕ್ಕಳಿಗೆ ಪಾಠ ಮಾಡಿದ್ದೆ. ಆ ಬುಟ್ಟಿಯನ್ನು ಹೊಲಿದ ಮಾತಿನ ಮೇಲೆ ನನ್ನ ಗಮನ ನಿಂತದ್ದು ಮಾತ್ರ ಆಗಲೇ. ಬಂದವರಿಗೆ ಚಹಾ ಕೊಟ್ಟು ಅದನ್ನೇ ಹೇಳಿದೆ. ಅವರು ಚಹಾ ಕುಡಿದು ಹೋದರು.

ನಿಮಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಮೂರನೆಯ ಮಳೆಗಾಲದಲ್ಲಿ ನಡೆದದ್ದನ್ನು. ಒಂದು ಫ್ಲಾಟಿನ ತೋಟ ನೋಡಿಕೊಳ್ಳುವ ಹುಡುಗ ಮೆಷಿನು ತಂದ. ಹದಿನೆಂಟು ಹತ್ತೊಂಬತ್ತರ ಪ್ರಾಯ. ಅಮೆರಿಕದ ಬ್ರಿಗ್ಸ್ ಆಂಡ್ ಸ್ಟ್ರಾಟನ್ ಇಂಜಿನ್, ಹಳೆಯದಾದರೂ ಗಟ್ಟಿಮುಟ್ಟು. ಪೇಟೆಯ ಅಂಗಡಿಯೊಂದರಲ್ಲಿ ನೋಡಿ, "ಇದು ಗುಜರಿಗೆ, ಹೊಸದು ತೆಗೆದುಕೊಳ್ಳಿ" ಎಂದಿದ್ದರಂತೆ. "ಏನಾಯಿತಪ್ಪಾ?" ಎಂದು ಕೇಳಿದರೆ "ಏನೂ ಆಗಲಿಲ್ಲ ಟೀಚರ್, ಓಡುತ್ತಿದ್ದದ್ದು ನಿಂತುಬಿಟ್ಟಿತು" ಎಂದ.

ನಾನು ಕಲಿತದ್ದನ್ನೆಲ್ಲ ಮಾಡಿದೆ. ಹೊಸ ಪೆಟ್ರೋಲು ಹಾಕಿದೆ, ಜೆಟ್ಟು ತೊಳೆದೆ, ಪ್ಲಗ್ಗು ಬದಲಿಸಿದೆ. ಕಿಡಿ ಬರುತ್ತಿತ್ತು, ಪೆಟ್ರೋಲು ಬರುತ್ತಿತ್ತು, ಇಂಜಿನ್ ಒತ್ತಡವೂ ಇತ್ತು. ಆದರೂ ಸ್ಟಾರ್ಟ್ ಆಗದು. ಅಷ್ಟೇ ಅಲ್ಲ, ಎಳೆದ ಹಗ್ಗವನ್ನು ಅದು ಸೇಡಿನಿಂದೆಂಬಂತೆ ಕೈಯಿಂದ ಹಿಂದಕ್ಕೆ ಕಿತ್ತುಕೊಳ್ಳುತ್ತಿತ್ತು. ಮೂರು ಸಂಜೆ ಕಳೆಯಿತು, ಅಂಗೈ ಬೊಬ್ಬೆ ಬಂತು. ಇವರಿಗೆ ಆಗ ಜ್ವರ, ಒಳಗೆ ಮಲಗಿದ್ದರು. ನಾಳೆ ಹಿಂದಕ್ಕೆ ಕೊಟ್ಟುಬಿಡುತ್ತೇನೆ, ನನ್ನ ವಿದ್ಯೆ ಇಷ್ಟೇ ಎಂದುಕೊಂಡು ಇಶಾಗೆ ಮುಂಚೆ ಕೊನೆಯ ಸಲ ಎಳೆದೆ. ಹಗ್ಗ ಮತ್ತೆ ಕಿತ್ತುಕೊಂಡಿತು. ಕೋಣೆಯೊಳಗಿನಿಂದ ಇವರ ಸ್ವರ ಕೇಳಿತು.

"ಕಲ್ಲಿಗೆ... ಬಡಿದಿತ್ತಾ ಕೇಳು."

ಮರುದಿನ ಹುಡುಗನಲ್ಲಿ ಕೇಳಿದೆ. ಇಲ್ಲವೇ ಇಲ್ಲ ಎಂದ. ನಾನು ಏನೂ ಹೇಳದೆ ಮೆಷಿನನ್ನು ವಾಲಿಸಿ ಬ್ಲೇಡಿನ ಒಂದು ತುದಿ ತೋರಿಸಿದೆ. ಅಲ್ಲಿ ಹಲ್ಲು ಕಿತ್ತಂತಹ ಒಂದು ಗಾಯವಿತ್ತು. ಅದರಲ್ಲಿ ಕೆಂಪುಕಲ್ಲಿನ ಹುಡಿ ಇನ್ನೂ ಅಂಟಿತ್ತು. ಅದನ್ನು ಮೊದಲ ದಿನವೇ ನಾನು ನೋಡಬೇಕಿತ್ತು! ಹುಡುಗನ ಕಣ್ಣಿನಲ್ಲಿ ನೀರು ಬಂತು. ಹುಲ್ಲಿನೊಳಗೆ ಕಲ್ಲಿದ್ದದ್ದು ಕಾಣಲಿಲ್ಲವಂತೆ, ಹೇಳಿದರೆ ಸಂಬಳದಿಂದ ಕಡಿಯುತ್ತಾರೆಂಬ ಹೆದರಿಕೆಯಂತೆ.

ಇವರು ಆ ದಿನ ಜ್ವರದಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತರು. ಇಂಜಿನಿನ ತಲೆಯ ಮೇಲೆ ಫ್ಲೈವೀಲ್ ಎಂಬ ಭಾರದ ಚಕ್ರವಿದೆ. ಅದರ ಅಂಚಿನಲ್ಲಿ ಅಯಸ್ಕಾಂತ. ಅದು ಕಾಯಿಲಿನ ಎದುರು ಹಾದುಹೋಗುವಾಗಲೇ ಕಿಡಿ ಹುಟ್ಟುವುದು, ಅದಕ್ಕೇ ಬ್ಯಾಟರಿ ಬೇಡ. ಆ ಚಕ್ರವನ್ನು ದಂಡದ ಮೇಲೆ ಸರಿಯಾದ ಸ್ಥಾನದಲ್ಲಿ ನಿಲ್ಲಿಸಲು ಎರಡರ ನಡುವೆ ಒಂದು ಪುಟ್ಟ ಕೀ ಇರುತ್ತದೆ, ಬೆರಳಿನ ಉಗುರಿನಷ್ಟು ಅಲ್ಯೂಮಿನಿಯಂ ತುಂಡು. ಜುಬೈಲಿನ ಪೆಟ್ಟಿಗೆಯಿಂದ ಪುಲ್ಲರ್ ತರಿಸಿ, ಸುತ್ತಿಗೆ ಮುಟ್ಟಲು ಬಿಡದೆ, ಕಾಲು ಸುತ್ತು, ಕಾಲು ಸುತ್ತು ಎಂದು ಹೇಳುತ್ತಾ ನನ್ನಿಂದ ಚಕ್ರ ತೆಗೆಸಿದರು. ಕೀ ನಡುವಿನಲ್ಲಿ ಮೆಟ್ಟಿಲಿನಂತೆ ಕತ್ತರಿಸಿ ಹೋಗಿತ್ತು. ಜಾರಿದ್ದು ಎರಡು ಮಿಲಿಮೀಟರೂ ಇರಲಿಕ್ಕಿಲ್ಲ. ಅಷ್ಟಕ್ಕೇ ಕಿಡಿಯ ಹೊತ್ತು ತಪ್ಪಿ, ಪಿಸ್ಟನ್ ಮೇಲೇರುವ ಮುಂಚೆಯೇ ಬೆಂಕಿ ಹತ್ತಿ ಹಗ್ಗ ಹಿಂದಕ್ಕೆ ಎಳೆಯುತ್ತಿತ್ತು.

ಅದನ್ನು ಬೇಕೆಂದೇ ಮೆದು ಲೋಹದಿಂದ ಮಾಡಿರುತ್ತಾರಂತೆ. ಬ್ಲೇಡು ಕಲ್ಲಿಗೆ ಬಡಿದಾಗ ಕೀ ತುಂಡಾಗಿ ದೊಡ್ಡ ದಂಡವನ್ನು ಉಳಿಸುತ್ತದೆ. ಕೆಲವು ಮೆಕ್ಯಾನಿಕ್‌ಗಳು ಜಾಣತನದಿಂದ ಉಕ್ಕಿನ ತುಂಡು ಹಾಕುತ್ತಾರೆ, ಮುಂದಿನ ಕಲ್ಲಿಗೆ ದಂಡವೇ ಬಾಗುತ್ತದೆ. ಮದ್ರಸ ಟೀಚರಿಗೆ ಇದರಿಂದ ಒಂದು ಉಪದೇಶ ತೆಗೆಯುವುದು ಸುಲಭವಿತ್ತು, ನಮಗೆ ಅದು ಚಟ. ಆದರೆ ನಾನು ನೋಡುತ್ತಿದ್ದದ್ದು ಕೀಯನ್ನಲ್ಲ. ಜ್ವರದ ಮೈಯಲ್ಲಿ ಕೂತ ಇವರ ಮುಖವನ್ನು. ಕಾಯಿಲೆಯ ಮುಂಚಿನ ಆ ಮುಖವನ್ನು ನಾನು ಮರೆತೇಬಿಟ್ಟಿದ್ದೆ.

ಸಣ್ಣ ಬೆಲೆಯ ಹೊಸ ಕೀ ತರಿಸಿ ಹಾಕಿದೆವು. ಬ್ಲೇಡು ಬಾಗಿದ್ದುದರಿಂದ ಬಡಿದು ನೇರ ಮಾಡದೆ ಹೊಸದನ್ನೇ ಹಾಕಿದೆವು. ಎರಡನೆಯ ಎಳೆತಕ್ಕೆ ಇಂಜಿನ್ ಎದ್ದಿತು. ಹುಡುಗ, "ಟೀಚರ್, ಕಲ್ಲಿನ ವಿಷಯ ಅವರಿಗೆ ಹೇಳಬೇಡಿ" ಎಂದು ಬೇಡಿಕೊಂಡ. ನಾನಾಗಿ ಹೇಳಲು ಹೋಗುವುದಿಲ್ಲ, ಕೇಳಿದರೆ ಸುಳ್ಳು ಹೇಳುವುದಿಲ್ಲ, ನೀನೇ ಹೇಳುವುದು ಒಳ್ಳೆಯದು ಎಂದೆ. ಹೇಳಿದನೆಂದು ಆಮೇಲೆ ತಿಳಿಯಿತು. ಬೈಗುಳ ಸಿಕ್ಕಿತಂತೆ. ಸಂಬಳ ಕಡಿದರೋ ಎಂದು ನಾನು ಕೇಳಲಿಲ್ಲ. ಮುಂದಿನ ವರ್ಷವೂ ಮೆಷಿನು ತಂದದ್ದು ಅವನೇ, ಈಗ ಹುಲ್ಲು ಕತ್ತರಿಸುವ ಮುಂಚೆ ನೆಲ ಗುಡಿಸುತ್ತಾನೆ.

ಹೊಸದಾಗಿ ಬ್ಯಾಟರಿಯ ಮೋವರುಗಳು ಬರುತ್ತಿವೆ, ಹೊಗೆಯಿಲ್ಲ, ಸದ್ದು ಕಡಿಮೆ. ಈ ಪೆಟ್ರೋಲಿನ ಮುದುಕರ ಕಾಲ ಇನ್ನೆಷ್ಟೋ! 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬವರು ಉಣ್ಣೆ ಬಟ್ಟೆಯ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರ ನೋಡಿ ಹುಲ್ಲಿಗೂ ಅಂತಹುದನ್ನು ಮಾಡಿದರಂತೆ. ಅಂದಿನಿಂದ ಇದರ ರೂಪ ಎಷ್ಟೋ ಬದಲಾಗಿದೆ, ಇನ್ನೂ ಬದಲಾಗಲಿ. ಸದ್ಯಕ್ಕಂತೂ ಇವರ ಔಷಧಿಯ ಖರ್ಚು ಹೆಚ್ಚುಕಡಿಮೆ ಇದರಿಂದಲೇ ನಡೆಯುತ್ತಿದೆ.

ಈಗಲೂ ರಿಪೇರಿ ಮುಗಿದ ಮೇಲೆ ನಾನು ಹಗ್ಗ ಎಳೆಯುವುದು, ಇವರು ಕಣ್ಣು ಮುಚ್ಚಿ ಕೇಳುವುದು. ನನಗೆ ಬರೀ ಗದ್ದಲ. ಇವರಿಗೆ ಅದರಲ್ಲಿ ಫಿಲ್ಟರ್, ಬ್ಲೇಡ್, ಬೋಲ್ಟು ಎಲ್ಲವೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಫಿಸಿಯೋಥೆರಪಿಯವರು ಬಲಗೈಯಲ್ಲಿ ಹಿಸುಕಲು ಒಂದು ರಬ್ಬರ್ ಚೆಂಡು ಕೊಟ್ಟಿದ್ದರು. ಮಗುವಿನ ಆಟವೆಂದು ಇವರು ಅದನ್ನು ಮುಟ್ಟಲಿಲ್ಲ. ಅದರ ಬದಲು ನಾನು ಬಿಚ್ಚಿದ ನಟ್ಟುಗಳನ್ನು ಆ ಕೈಯಿಂದಲೇ ಹೆಕ್ಕಿ ಹಾರ್ಲಿಕ್ಸ್ ಡಬ್ಬಿಗೆ ಹಾಕುತ್ತಾರೆ. ಮೊದಲ ವರ್ಷ ಒಂದೂ ಏಳಲಿಲ್ಲ. ಆಮೇಲೆ ಹದಿಮೂರರ ನಟ್ಟು ಎದ್ದಿತು. ಕಳೆದ ಮಳೆಗಾಲದಲ್ಲಿ ಹತ್ತರದ್ದೂ ಡಬ್ಬಿಗೆ ಬಿತ್ತು. ಎಂಟರದ್ದು ಇನ್ನೂ ಜಾರುತ್ತಿದೆ.